ಇಲ್ಕ್ಲಿ ಮೂರ್‌ನ ಬಂಡೆ ಕೆತ್ತನೆಗಳಿಗೆ ಮೆಟಾಶೇಪ್ ಸ್ಟ್ಯಾಂಡರ್ಡ್: ಬಳಸಿ ನೋಡಿದವನ ವಿಮರ್ಶೆ

ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಷೈರ್‌ನಲ್ಲಿ ಇಲ್ಕ್ಲಿ ಪಟ್ಟಣದ ನೆತ್ತಿಯ ಮೇಲೆ ಹರಡಿರುವ ರೋಂಬಾಲ್ಡ್ಸ್ ಮೂರ್ ಎಂಬ ಬೋಳು ಗುಡ್ಡಬಯಲಿನಲ್ಲಿ (ಇಲ್ಕ್ಲಿ ಮೂರ್ ಇದರದೇ ಒಂದು ಭಾಗ), ಹೀದರ್ ಪೊದೆ ಮತ್ತು ಜರಿಗಿಡಗಳ ನಡುವಿನ ನೂರಾರು ಬಂಡೆಗಳ ಮೇಲೆ, ನವಶಿಲಾಯುಗದ ಹಾಗೂ ಕಂಚಿನ ಯುಗದ ಆರಂಭಕಾಲದ ಜನರು ಕುಟ್ಟಿ ಮಾಡಿದ ಬಟ್ಟಲುಗುಳಿಗಳೂ ಅವುಗಳನ್ನು ಸುತ್ತುವರಿದ ಉಂಗುರಗಳೂ ಉಳಿದಿವೆ. ಬಂಡೆ ಒರಟು ಮರಳುಗಲ್ಲಿನದು. ನಾಲ್ಕೈದು ಸಾವಿರ ವರ್ಷಗಳ ಮಳೆಗಾಳಿಗೆ ಸವೆದು ಎಷ್ಟೋ ಉಂಗುರಗಳ ಆಳ ಈಗ ಕೆಲವೇ ಮಿಲಿಮೀಟರಿಗೆ ಇಳಿದಿದೆ. ಮಧ್ಯಾಹ್ನದ ಬೆಳಕಿನಲ್ಲಿ ಪಕ್ಕದಲ್ಲೇ ನಿಂತರೂ ಅವು ಕಣ್ಣಿಗೆ ಬೀಳದೇ ಹೋಗಬಹುದು.

ಇಂಥವನ್ನು ದಾಖಲಿಸಲು ಹಿಂದೆ ಕಾಗದ ಹಾಸಿ ಮೇಣದಿಂದ ಉಜ್ಜುತ್ತಿದ್ದರು, ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರು. ಕೆಲವರು ಕುಳಿಗಳಿಗೆ ಸೀಮೆಸುಣ್ಣ ತುಂಬಿ ಫೋಟೋ ತೆಗೆದದ್ದೂ ಉಂಟು. ಉಜ್ಜಿದಷ್ಟೂ ಮರಳಿನ ಕಣ ಉದುರುವುದರಿಂದಲೂ, ಗೆರೆ ಎಳೆಯುವವನ ಊಹೆ ಕಲ್ಲಿನ ಸಾಕ್ಷ್ಯದೊಳಗೆ ಬೆರೆತುಹೋಗುವುದರಿಂದಲೂ ಈಗ ಕಲ್ಲನ್ನು ಮುಟ್ಟದೆಯೇ ದಾಖಲಿಸುವ ವಿಧಾನಕ್ಕೆ ಮನ್ನಣೆ. ಸಾಮಾನ್ಯ ಕ್ಯಾಮೆರಾದ ಫೋಟೋಗಳನ್ನು ಹೊಂದಿಸಿ ಮೂರು ಆಯಾಮದ ಮಾದರಿ ಕಟ್ಟಿಕೊಡುವ ಅಗಿಸಾಫ್ಟ್ ಮೆಟಾಶೇಪ್ ಇದಕ್ಕೆಂದೇ ಹುಟ್ಟಿದ ತಂತ್ರಾಂಶವಲ್ಲ, ಆದರೂ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. 2018ರ ಕೊನೆಯವರೆಗೆ ಇದರ ಹೆಸರು ಫೋಟೋಸ್ಕ್ಯಾನ್ ಎಂದಿತ್ತು. ಸ್ಟ್ಯಾಂಡರ್ಡ್ ಆವೃತ್ತಿಯ ಬೆಲೆ 179 ಡಾಲರ್. ಒಮ್ಮೆ ಕೊಟ್ಟರೆ ಮುಗಿಯಿತು, ವರ್ಷವರ್ಷದ ಚಂದಾ ಇಲ್ಲ. ಪ್ರೊಫೆಷನಲ್ ಆವೃತ್ತಿಗೆ 3,499 ಡಾಲರ್. ಹವ್ಯಾಸಿಗೆ ಅಷ್ಟು ದೊಡ್ಡ ಮೊತ್ತದ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಯಾಡ್ಜರ್ ಸ್ಟೋನ್ ಎಂಬ ಬಂಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಕ್ಕದಲ್ಲೊಂದು ಬೆಂಚೂ ಇರುವುದರಿಂದ ಚಾರಣಿಗರಿಗೆಲ್ಲ ಪರಿಚಿತವಾದ ಈ ಬಂಡೆಯ ಇಳಿಜಾರು ಮೈಮೇಲೆ ಹತ್ತಿರ ಹತ್ತಿರ ನೂರು ಕುಳಿಗಳಿವೆ. ಹಲವಕ್ಕೆ ಉಂಗುರಗಳಿವೆ, ಒಂದೆಡೆ ಅರ್ಧಕ್ಕೆ ನಿಂತ ಸ್ವಸ್ತಿಕದಂಥ ಆಕೃತಿಯೂ ಇದೆ. ಬಂಡೆಯನ್ನು ಸುತ್ತುತ್ತಾ, ಒಂದು ಫೋಟೋ ಮುಂದಿನದರ ಮೇಲೆ ಮೂರರಲ್ಲಿ ಎರಡು ಪಾಲಾದರೂ ಹೊದ್ದುಕೊಳ್ಳುವಂತೆ, ಮೊದಲು ದೂರದಿಂದ, ಅನಂತರ ಹತ್ತಿರದಿಂದ ಚಿತ್ರ ತೆಗೆಯಬೇಕು. ಜೂಮ್ ಬದಲಾಯಿಸಬಾರದು, ಫ್ಲ್ಯಾಶ್ ಹಾಕಬಾರದು. ಮೋಡ ಕವಿದ ದಿನವೇ ಇದಕ್ಕೆ ಪ್ರಶಸ್ತ; ಯಾರ್ಕ್‌ಷೈರ್‌ನಲ್ಲಿ ಅಂಥ ದಿನಕ್ಕೆ ಬರವಿಲ್ಲ. ಹಿಂದಿನವರು ಓರೆಬಿಸಿಲಿಗಾಗಿ ಮುಂಜಾನೆ, ಸಂಜೆಗಳನ್ನು ಕಾಯಬೇಕಿತ್ತು. ಇಲ್ಲಿ ನೆರಳಿಲ್ಲದ ಸಮ ಬೆಳಕಿನಲ್ಲಿ ಕಲ್ಲಿನ ಆಕಾರವನ್ನು ಹಿಡಿದುಕೊಂಡು, ಓರೆಬೆಳಕನ್ನು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಬೇಕಾದ ದಿಕ್ಕಿನಿಂದ ಬಿಟ್ಟುಕೊಳ್ಳಬಹುದು. ಮಳೆ ಬಂದು ನಿಂತ ಕೂಡಲೇ ಮಾತ್ರ ತೆಗೆಯಬೇಡಿ. ಒದ್ದೆ ಕಲ್ಲಿನ ಹೊಳಪು ಕ್ಯಾಮೆರಾ ಸರಿದಂತೆಲ್ಲ ಜಾಗ ಬದಲಿಸಿ ಮಾದರಿಯ ಮೈಯನ್ನು ಕೆಡಿಸುತ್ತದೆ.

ಮನೆಯಲ್ಲಿ ಮಾಡುವ ಕೆಲಸ ಸರಳ. ಫೋಟೋಗಳನ್ನು ಹೊಂದಿಸುವುದು, ಬಂಡೆಯ ಮೈಯನ್ನು ಸಣ್ಣ ತ್ರಿಕೋನಗಳ ಜಾಲವಾಗಿ ಕಟ್ಟುವುದು, ಅದಕ್ಕೆ ಬಣ್ಣದ ಹೊದಿಕೆ ಹಾಕುವುದು ಎಂಬ ಮೂರು ಹಂತಗಳು ಮೆನುವಿನಲ್ಲಿ ಅದೇ ಕ್ರಮದಲ್ಲಿವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಜಾಲ ಕಟ್ಟುವ ಹಂತಕ್ಕೆ ರಾತ್ರಿಯೆಲ್ಲ ಬಿಟ್ಟುಬಿಡುವುದೇ ಮೇಲು. ಗಾಳಿಗೆ ಅಲುಗಾಡುವ ಹುಲ್ಲು ಮಾದರಿಯ ಅಂಚಿನಲ್ಲಿ ಗಂಟುಗಂಟಾಗಿ ಮೂಡುತ್ತದೆ. ಅದನ್ನು ಕತ್ತರಿಸಿ ತೆಗೆದರಾಯಿತು.

ನಿಜವಾದ ಫಲ ಸಿಗುವುದು ಮಾದರಿಯನ್ನು ಪಿಎಲ್‌ವೈ ಕಡತವಾಗಿ ಹೊರತೆಗೆದು, ಇಟಲಿಯ ಪೀಸಾದ ಸಂಶೋಧಕರು ಉಚಿತವಾಗಿ ಕೊಟ್ಟಿರುವ ಮೆಶ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ತೆರೆದಾಗ. ಅಲ್ಲಿ ಬಣ್ಣದ ಹೊದಿಕೆಯನ್ನು ಮರೆಮಾಡಿ ರೇಡಿಯನ್ಸ್ ಸ್ಕೇಲಿಂಗ್ ಎಂಬ ಛಾಯೆಯನ್ನು ಹಚ್ಚಿದರೆ, ಕಲ್ಲುಹೂವಿನ ಹಳದಿ, ಬೂದು ಮಚ್ಚೆಗಳೆಲ್ಲ ಮಾಯವಾಗಿ ತಗ್ಗುಗಳು ಕಪ್ಪಾಗಿ, ಉಬ್ಬುಗಳು ಬೆಳ್ಳಗಾಗಿ ನಿಲ್ಲುತ್ತವೆ. ಎರಡು ಕುಳಿಗಳನ್ನು ಕೂಡಿಸುವ, ಬರಿಗಣ್ಣಿಗೆ ಅನುಮಾನವೆನಿಸಿದ್ದ ತೋಡು ನಿಜವಾಗಿ ಇದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಬಹುಮಟ್ಟಿಗೆ ಮಾತ್ರ, ಏಕೆಂದರೆ ಒರಟು ಮರಳುಗಲ್ಲಿನಲ್ಲಿ ನೀರು ಕೊರೆದ ಸಹಜ ಕುಳಿಯೂ ಅಷ್ಟೇ ಕಪ್ಪಾಗಿ ಕಾಣುತ್ತದೆ.

ಸ್ಟ್ಯಾಂಡರ್ಡ್ ಆವೃತ್ತಿಯ ದೊಡ್ಡ ಕೊರತೆ ಅಳತೆಯದು. ಗುರುತುಬಿಂದು ಮತ್ತು ಅಳತೆಪಟ್ಟಿಯ ಸೌಲಭ್ಯ ಪ್ರೊಫೆಷನಲ್‌ನಲ್ಲಿ ಮಾತ್ರ ಇರುವುದರಿಂದ, ಇಲ್ಲಿ ಕಟ್ಟಿದ ಮಾದರಿಗೆ ರೂಪವಿರುತ್ತದೆ, ಗಾತ್ರವಿರುವುದಿಲ್ಲ. ಗಾತ್ರವಿಲ್ಲದ ಮಾದರಿ ನೋಡಲು ಚೆಂದವೇ ಹೊರತು ದಾಖಲೆಯಾಗದು. ಬಂಡೆಯ ಬದಿಯಲ್ಲಿ, ಕೆತ್ತನೆಯನ್ನು ಮುಚ್ಚದಂತೆ, ಒಂದು ಅಳತೆಕೋಲನ್ನು ಇಟ್ಟು ಚಿತ್ರ ತೆಗೆದು, ಮೆಶ್‌ಲ್ಯಾಬ್‌ನಲ್ಲಿ ಅದರ ಉದ್ದ ಅಳೆದು ಇಡೀ ಮಾದರಿಯನ್ನು ಅದೇ ಪ್ರಮಾಣಕ್ಕೆ ಹಿಗ್ಗಿಸುವುದು ಇದಕ್ಕಿರುವ ಪರಿಹಾರ. ಕೈಕೆಲಸ ಸ್ವಲ್ಪ ಹೆಚ್ಚು. 3,320 ಡಾಲರ್ ಉಳಿಸುವವರು ಅಷ್ಟು ಮಾಡಬಹುದು.

ಇದಕ್ಕೆ ಪರ್ಯಾಯವೆಂದು ಹೇಳುವ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್) ವಿಧಾನದಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಹೊಳೆಯುವ ಕರಿಗೋಲಿಗಳನ್ನು ಪಕ್ಕದಲ್ಲಿಟ್ಟು, ದೀಪವನ್ನು ಮಾತ್ರ ಸುತ್ತಿಸುತ್ತಾರೆ. ಸೂಕ್ಷ್ಮ ಗೀರುಗಳಿಗೆ ಅದು ಇದಕ್ಕಿಂತ ಮೇಲಾಗಿರಬಹುದು. ಆದರೆ ಬಟಾಬಯಲಿನ ಹಗಲುಬೆಳಕಿನಲ್ಲಿ ದೀಪ ಸೋಲುತ್ತದೆ, ಗಾಳಿಗೆ ಸ್ಟ್ಯಾಂಡ್ ನಡುಗುತ್ತದೆ. ಸ್ಕಾಟ್ಲೆಂಡಿನಲ್ಲಿ 2017ರಿಂದ 2021ರವರೆಗೆ ನಡೆದ ಬಂಡೆಗೆತ್ತನೆ ಯೋಜನೆಯಲ್ಲಿ ಸ್ಥಳೀಯ ಸ್ವಯಂಸೇವಕರಿಗೆ ಕಲಿಸಿದ್ದೂ ಫೋಟೋ ಹೊಂದಿಸುವ ವಿಧಾನವನ್ನೇ.

ನಮ್ಮ ಕಡೆಯ ಓದುಗರಿಗೊಂದು ಮಾತು. ಸವೆದ ಶಾಸನ, ವೀರಗಲ್ಲುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಮಸಿಯ ಪಡಿಯಚ್ಚಿನ ಜೊತೆಗೇ ಇಟ್ಟುಕೊಳ್ಳಬಹುದಾದ ದಾಖಲೆ ಸಿಗುತ್ತದೆ. ಆದರೆ ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟದ ಕಪ್ಪು ಬಂಡೆಗಳ ಮೇಲಿನ ದನ, ಮನುಷ್ಯರ ಚಿತ್ರಗಳು ಆಳವಾಗಿ ಕೊರೆದವಲ್ಲ. ಮೇಲ್ಪದರವನ್ನು ಕುಟ್ಟಿದ್ದರಿಂದ ಬಂದ ಬಣ್ಣದ ವ್ಯತ್ಯಾಸದಿಂದಲೇ ಅವು ಹೆಚ್ಚಾಗಿ ಕಾಣುವುದರಿಂದ ಅಲ್ಲಿ ಛಾಯೆಯ ಚಮತ್ಕಾರಕ್ಕೆ ಕೆಲಸ ಕಡಿಮೆ, ಬಣ್ಣದ ಹೊದಿಕೆಯ ಗುಣಮಟ್ಟಕ್ಕೆ ಹೆಚ್ಚು.

ಕೊಳ್ಳುವ ಮುನ್ನ 30 ದಿನ ಉಚಿತವಾಗಿ ಬಳಸಿ ನೋಡುವ ಅವಕಾಶವಿದೆ. ಮೂರ್‌ನಲ್ಲಿ ಕೆಲಸ ಮಾಡುವವರು ಆ ಅವಧಿಯನ್ನು ಬೇಸಿಗೆಯಲ್ಲಿ ಆರಂಭಿಸಬಾರದು. ಎದೆಮಟ್ಟ ಬೆಳೆದ ಜರಿಗಿಡ ಆಗ ಬಂಡೆಗಳನ್ನು ನುಂಗಿರುತ್ತದೆ, ವಸಂತದಿಂದಲೇ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಇರುತ್ತವೆ. ಅಲ್ಲದೆ ಇಲ್ಲಿನ ಹಲವು ಬಂಡೆಗಳು ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾಗಿರುವುದರಿಂದ, ಕೆತ್ತನೆ ಇನ್ನಷ್ಟು ಕಾಣಲೆಂದು ಅಂಚಿನ ಹುಲ್ಲುಹೆಪ್ಪನ್ನು ಅನುಮತಿಯಿಲ್ಲದೆ ಎಬ್ಬಿಸುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಜರಿಗಿಡ ಒಣಗಿ ಬಿದ್ದಿರುವಾಗ ಹೋದರೆ ಗಿಡದ, ಹಕ್ಕಿಗೂಡಿನ ಗೊಡವೆ ಅಷ್ಟಾಗಿ ಇರುವುದಿಲ್ಲ.