ತಾಸಿಗೆ ನೂರು ರೂಪಾಯಿ, 'ಬತ್ತಡ' ಪುಕ್ಕಟೆ

ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಕುರ್ಚಿ, ತಣ್ಣನೆ ಎಸಿ, ಹೊಸ ಕಂಟ್ರೋಲರ್ ಬೇಕು ಅನ್ನುವವರು ಈ ವಿಡಿಯೊ ಗೇಮ್ ಅಂಗಡಿಗೆ ಬರುವುದು ಬೇಡ. ಹುಬ್ಬಳ್ಳಿ ಬಸ್ಸು ಹತ್ತಿ. ನಾನಂತೂ ನಾಲ್ಕು ವರ್ಷದಿಂದ ಇಲ್ಲಿಗೇ ಹೋಗುತ್ತಿದ್ದೇನೆ, ವಾರಕ್ಕೆ ಎರಡು ಸಲ. ಆಡಿದ್ದಕ್ಕಿಂತ ಕೂತು ಮಾತಾಡಿದ್ದೇ ಜಾಸ್ತಿ. ಹಾಗಾಗಿ ಆಟಕ್ಕೊಂದು, ಮಾತಿಗೊಂದು ಬೇರೆ ಬೇರೆ ಅಂಕ ಕೊಡಬೇಕಾಗಿದೆ.

ಅಂಗಡಿ ಇರುವುದು ಶಿರಸಿ ಪೇಟೆಯಲ್ಲಿ, ಒಂದು ಹಳೇ ಮಾಳಿಗೆಯ ಮೇಲೆ. ಹೆಸರು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ, ಮತ್ತೆ ನಾಳೆ ಅದೇ ಮೆಟ್ಟಿಲು ಹತ್ತಬೇಕು. ಕೆಳಗೆ ಹೊಲಿಗೆ ಅಂಗಡಿ, ಪಕ್ಕದಲ್ಲಿ ಕಷಾಯ ಮತ್ತು ಬನ್ಸ್ ಸಿಗುವ ಪುಟ್ಟ ಹೋಟೆಲು. ಮೆಟ್ಟಿಲು ಕಡಿದು, ಕತ್ತಲೆ ಬೇರೆ. ಮಾಲೀಕನನ್ನು ಎಲ್ಲರೂ 'ಮಾಣಿ', ಅಂದರೆ ಹುಡುಗ, ಅಂತಲೇ ಕರೆಯುವುದು. ಮೂವತ್ತೆಂಟು ದಾಟಿದೆ, ತಲೆ ಮುಂದಿನಿಂದ ಖಾಲಿಯಾಗುತ್ತಿದೆ, ಆದರೂ ಮಾಣಿಯೇ.

ಒಳಗೆ ಟಿವಿಗೆ ಹಚ್ಚಿ ಆಡುವ ಪ್ಲೇಸ್ಟೇಷನ್ ಯಂತ್ರಗಳು, ಎರಡು ಪಿಎಸ್ 5, ಒಂದು ಹಳೆಯ ಪಿಎಸ್ 4, ಮೂಲೆಯಲ್ಲಿ ಒಂದು ಕಂಪ್ಯೂಟರು. ಪಿಎಸ್ 5ಕ್ಕೆ ತಾಸಿಗೆ ನೂರು, ಇಬ್ಬರು ಆಡಿದರೆ ನೂರೈವತ್ತು. ಪಿಎಸ್ 4ಕ್ಕೆ ಅರವತ್ತು. ದರದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಕಂಟ್ರೋಲರ್ ಬಗ್ಗೆ. ಒಂದರ ಎಡಗಡೆ ಸ್ಟಿಕ್ಕು ತನ್ನಷ್ಟಕ್ಕೇ ಸರಿಯುತ್ತದೆ. ಫುಟ್‌ಬಾಲ್ ಆಡುವಾಗ ನನ್ನ ಗೋಲ್‌ಕೀಪರ್, ನಾನು ಮುಟ್ಟದೇ ಇದ್ದರೂ, ಗೋಲು ಬಿಟ್ಟು ವಾಕಿಂಗ್ ಹೊರಡುತ್ತಾನೆ. ಒಂದು ವರ್ಷದಿಂದ ಹೇಳುತ್ತಿದ್ದೇನೆ. 'ಹೊಸದು ಬತ್ತು ತಮಾ' ಅನ್ನುತ್ತಾನೆ ಮಾಣಿ. ಬಂದಿಲ್ಲ.

ಮಳೆಗಾಲದಲ್ಲಿ ಗೋಡೆ ಬೂಸ್ಟು ಹಿಡಿಯುತ್ತದೆ. ಕರೆಂಟಿನ ವಿಷಯ ಶಿರಸಿಯವರಿಗೆ ಹೇಳಬೇಕಾಗಿಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಸಂಜೆಯೆಲ್ಲ ಕತ್ತಲೆ. ಯುಪಿಎಸ್ ಹನ್ನೆರಡು ನಿಮಿಷ ಎಳೆಯುತ್ತದೆ, ಆಟ ಸೇವ್ ಮಾಡಿಕೊಳ್ಳಲು ಸಾಕು. ಕರೆಂಟ್ ಹೋದ ಹೊತ್ತನ್ನು ಮಾಣಿ ಲೆಕ್ಕದಲ್ಲಿ ಕಳೆಯುತ್ತಾನೆ. ಅಷ್ಟು ನ್ಯಾಯ ಇದೆ.

ಆದರೆ ಅಂಗಡಿಯ ನಿಜವಾದ ವ್ಯಾಪಾರ ಶುರುವಾಗುವುದು ಕರೆಂಟ್ ಹೋದ ಮೇಲೆಯೇ.

ನಮ್ಮ ಹವ್ಯಕ ಮಾತಿನಲ್ಲಿ 'ಅಡ' ಅಂತ ಒಂದು ಬಾಲ ಇದೆ. ಉಳಿದವರ 'ಅಂತೆ' ಇದ್ದ ಹಾಗೆ. ಮಾತಿನ ಕೊನೆಗೆ ಅಂಟಿಸಿದರೆ ಸಾಕು, ಹೇಳಿದವನ ತಲೆ ಮೇಲೆ ಏನೂ ಇಲ್ಲ. ಬತ್ತಡ, ಅಂದರೆ ಬರುತ್ತದಂತೆ. ಹೋತಡ. ಇದ್ದಡ. ಯಾರು ಹೇಳಿದ್ದು ಅಂತ ಕೇಳಿದರೆ, 'ಹಂಗಡ ಮಾರಾಯ'. ಹಗಲು ನಾನು ಅಡಿಕೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅಲ್ಲಿ ಬೆಳಿಗ್ಗೆಯಿಂದ ಕೇಳುವುದು ಇದನ್ನೇ. 'ರಾಶಿ' ಅಡಿಕೆಗೆ ಮುಂದಿನ ವಾರ ದರ ಏರುತ್ತಡ, 'ಚಾಲಿ' ಅಡಿಕೆ ಇಳಿಯುತ್ತಡ, ಹೊರಗಿನಿಂದ ಅಡಿಕೆ ಬತ್ತಡ. ಸಂಜೆ ಮಾಳಿಗೆ ಹತ್ತಿದರೆ ಅಲ್ಲೂ ಅದೇ. ಸರಕು ಮಾತ್ರ ಬೇರೆ. ರಾಕ್‌ಸ್ಟಾರ್ ಕಂಪನಿಯ ಹೊಸ ಆಟ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ) ಯಾವಾಗ ಬತ್ತಡ, ಮುಂದಿನ ಟ್ರೇಲರ್ ಯಾವ ಮಂಗಳವಾರ ಬತ್ತಡ, ಬೆಲೆ ಎಷ್ಟು ಆಗ್ತಡ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜಿಟಿಎ 5 ಬಂದಿದ್ದು 2013ರ ಸೆಪ್ಟೆಂಬರಿನಲ್ಲಿ. ನಾನು ಆಗ ಕಾಲೇಜು. ಆಮೇಲೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ತಪ್ಪದೇ ಬಂತು. 2014, 16, 18, 20, 22, 24. ಆರನೇ ಜಾತ್ರೆ ಮುಗಿಯಿತು, ಆರನೇ ಜಿಟಿಎ ಬರಲಿಲ್ಲ. ಈ ಜೋಕು ನನ್ನದೇ, ಮಾಣಿ ಈಗ ತನ್ನದು ಅಂತ ಎಲ್ಲರಿಗೂ ಹೇಳುತ್ತಾನೆ. ಲೋಕದ ತುಂಬ ಇಂಥ ಜೋಕು ಇದೆ, 'ಜಿಟಿಎ 6ಕ್ಕಿಂತ ಮೊದಲು ಇದೂ ಆಯಿತು' ಅಂತ. ಕಾರವಾರದಿಂದ ಬರುವ ಒಬ್ಬ ಹುಡುಗನದು ಇನ್ನೂ ಖಾರ. ಜಿಟಿಎ 6ಕ್ಕಿಂತ ಮೊದಲು ಕಾಳಿ ನದಿಯ ಹಳೇ ಸೇತುವೆ ಬಿತ್ತು ಅನ್ನುತ್ತಾನೆ. 2024ರ ಆಗಸ್ಟ್ 7ರ ನಡುರಾತ್ರಿ ಅದು ಬಿದ್ದಾಗ ಅವನು ಮನೆಯಲ್ಲೇ ಇದ್ದ. ದಶಕಗಳಿಂದ ಬಾರದ ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಎತ್ತಿದರೆ ಮಾತ್ರ ಎಲ್ಲರೂ ಕೈ ಮುಗಿಯುತ್ತಾರೆ. ಆ ಪಂದ್ಯದಲ್ಲಿ ಜಿಟಿಎಯೇ ಗೆಲ್ಲುತ್ತದೆ.

ಈ ಅಂಗಡಿಯ ಒಂದು ಬೆಳಗ್ಗೆಯನ್ನು ನಾನು ಮರೆಯುವುದಿಲ್ಲ. 2023ರ ನವೆಂಬರಿನಲ್ಲಿ ರಾಕ್‌ಸ್ಟಾರ್ ಬಾಯಿಬಿಟ್ಟಿತ್ತು, ಡಿಸೆಂಬರ್ ಶುರುವಿಗೆ ಮೊದಲ ಟ್ರೇಲರ್ ಅಂತ. ಆಮೇಲೆ ದಿನವನ್ನೂ ಹೇಳಿತು, ಡಿಸೆಂಬರ್ 5. ನಮ್ಮ ಲೆಕ್ಕಕ್ಕೆ ಸಂಜೆ ಏಳೂವರೆ. ಮಾಣಿ ತಯಾರಿ ಮಾಡಿದ್ದ. ದೊಡ್ಡ ಟಿವಿ ಗೋಡೆಗೆ ಏರಿತ್ತು, ಐವತ್ತು ಬನ್ಸ್ ಹೇಳಿದ್ದ. ಟ್ರೇಲರ್ ಮೊದಲೇ ಸೋರಿ ಹೋಯಿತು. ಕಂಪನಿ ಬೇರೆ ದಾರಿ ಕಾಣದೆ ತಾನೇ ಬಿಟ್ಟುಬಿಟ್ಟಿತು. ಇಲ್ಲಿ ಆಗ ಬೆಳಗಿನ ಜಾವ ಐದರ ಹೊತ್ತು. ನನ್ನ ಫೋನು ಹೊಡೆದುಕೊಂಡಿತು. 'ಬಂತು!' ಅಂದ ಮಾಣಿ. 'ಅಡ' ಇಲ್ಲದೆ ಅವನು ಹೇಳಿದ ಮೊದಲ ಮಾತು ಅದು. ಚಳಿಯಲ್ಲಿ ಮಂಕಿಕ್ಯಾಪ್ ಹಾಕಿಕೊಂಡು ಐದು ಜನ ಮಾಳಿಗೆ ಹತ್ತಿದೆವು. ಒಂದೂವರೆ ನಿಮಿಷದ ವಿಡಿಯೊ. ಹದಿನೈದು ಸಲ ನೋಡಿದೆವು. ಒಂದೇ ದಿನದಲ್ಲಿ 9 ಕೋಟಿಗೂ ಜಾಸ್ತಿ ಸಲ ನೋಡಲ್ಪಟ್ಟ ಆ ವಿಡಿಯೊದಲ್ಲಿ ನಮ್ಮ ಪಾಲೂ ಇದೆ. ಸಂಜೆಯ ಐವತ್ತು ಬನ್ಸ್ ಮಾತ್ರ ಮಿಕ್ಕವು. ಮರುದಿನವೂ ಅದನ್ನೇ ತಿಂದೆವು.

ಸೋರಿಕೆಯವರನ್ನು ಕಂಡರೆ ನನಗೆ ಆಗುವುದಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಅರೆಬೆಂದ ಆಟದ 90 ತುಣುಕು ಹೊರಗೆ ಬಿದ್ದವಲ್ಲ, ಆಗಲೂ ನಾನು ನೋಡಲಿಲ್ಲ. ಟೆಂಡರ್ ಪೆಟ್ಟಿಗೆಯನ್ನು ಹೊತ್ತಿಗೆ ಮೊದಲೇ ಒಡೆದು ಚೀಟಿ ನೋಡಿದ ಹಾಗೆ ಅದು. ಊಹೆ ಮಾಡುವವನಿಗೆ ಒಂದು ಮರ್ಯಾದೆ ಇರಬೇಕು.

ಅಂಗಡಿಯಲ್ಲಿ ಊಹೆ ಮಾಡುವವರು ಎರಡು ಪಂಗಡ. ಒಂದು ಚಂದ್ರನ ಪಂಗಡ. ಕಂಪನಿ ಹಾಕುವ ಚಿತ್ರಗಳಲ್ಲಿ ಆಕಾಶದ ಚಂದ್ರ ಎಷ್ಟು ತುಂಬಿದ್ದಾನೆ ನೋಡಿ, ಎರಡನೇ ಟ್ರೇಲರಿನ ದಿನ ಹೇಳುವವರು. ಇದು ಶಿರಸಿಯ ಹುಚ್ಚಲ್ಲ, ಲೋಕದ ತುಂಬ ಜನ ಹೀಗೆ ಕೂತು ಲೆಕ್ಕ ಹಾಕಿದರು. ಆದರೆ ನಮ್ಮಲ್ಲಿಯ ಹಾಗೆ ಪಂಚಾಂಗ ಬಿಚ್ಚಿಟ್ಟುಕೊಂಡು ಬೇರೆ ಯಾರೂ ಹಾಕಿರಲಿಕ್ಕಿಲ್ಲ. ಪೌರೋಹಿತ್ಯ ಕಲಿತ ಒಬ್ಬ ಹುಡುಗ ಬರುತ್ತಾನೆ, ಗಂಭೀರವಾಗಿ ತಿಥಿ ಹೇಳುತ್ತಾನೆ. ಅವನು ಹೇಳಿದ ಒಂದು ತಿಥಿಗೂ ಟ್ರೇಲರ್ ಬರಲಿಲ್ಲ. ಎರಡನೇ ಟ್ರೇಲರ್ ಬಂದಿದ್ದು 2025ರ ಮೇ 6ಕ್ಕೆ, ಯಾವ ಮುನ್ಸೂಚನೆಯೂ ಇಲ್ಲದೆ. ಆ ದಿನ ಅಂಗಡಿಗೆ ರಜೆ. ಮಾಣಿ ಯಾರದೋ ಮದುವೆಯಲ್ಲಿ ಹೋಳಿಗೆ ತಿನ್ನುತ್ತಿದ್ದ.

ಇನ್ನೊಂದು ಪಂಗಡ ಲೆಕ್ಕದವರದು. ಅದರಲ್ಲಿ ಇರುವುದು ನಾನೊಬ್ಬನೇ. ರಾಕ್‌ಸ್ಟಾರ್‌ನ ಯಜಮಾನ ಕಂಪನಿ ಟೇಕ್-ಟೂ. ಅದು ಷೇರಿನವರಿಗೆ ವರ್ಷಕ್ಕೆ ನಾಲ್ಕು ಸಲ ಲೆಕ್ಕ ಒಪ್ಪಿಸಬೇಕು. ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್. ದೊಡ್ಡ ಸುದ್ದಿ ಇದ್ದರೆ ಆ ಹೊತ್ತಿಗೆ ಬಾಯಿ ಬಿಡಲೇಬೇಕು, ಇಲ್ಲವಾದರೆ ಲೆಕ್ಕ ಕೂಡುವುದಿಲ್ಲ. ಜಿಟಿಎ 6 '2025ರ ಚಳಿಗಾಲಕ್ಕೆ ಮೊದಲು' ಅಂತ ಹೇಳಿದ್ದು 2024ರ ಮೇ ಲೆಕ್ಕದಲ್ಲಿ. ಅದು 2026ರ ಮೇ 26ಕ್ಕೆ ಹೋಯಿತು ಅಂತ ಹೇಳಿದ್ದು 2025ರ ಮೇ 2ಕ್ಕೆ, ಲೆಕ್ಕ ಒಪ್ಪಿಸುವುದಕ್ಕೆ ಸ್ವಲ್ಪ ಮುಂಚೆ. ಮತ್ತೆ 2026ರ ನವೆಂಬರ್ 19ಕ್ಕೆ ಹೋಯಿತು ಅಂದಿದ್ದು 2025ರ ನವೆಂಬರ್ 6ಕ್ಕೆ, ಸರಿಯಾಗಿ ಲೆಕ್ಕದ ದಿನವೇ. ಚಂದ್ರ ಹುಣ್ಣಿಮೆಯಲ್ಲಿರಲಿ, ಅಮಾವಾಸ್ಯೆಯಲ್ಲಿರಲಿ, ಸಾಲ ಕೊಟ್ಟವನು ಕೇಳುವ ದಿನ ಬದಲಾಗುವುದಿಲ್ಲ. ದಲಾಲಿ ಅಂಗಡಿಯಲ್ಲಿ ಕೂತವನಿಗೆ ಇದು ಗೊತ್ತಿರುತ್ತದೆ.

ಮಾಣಿಯ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ, ಕಿರಾಣಿ ಲೆಕ್ಕದ್ದು. ಅದರಲ್ಲಿ ಪಂದ್ಯ ಬರೆಯುತ್ತಾನೆ. ಎಡಕ್ಕೆ ಹೆಸರು, ನಡುವೆ ಊಹೆ, ಬಲಕ್ಕೆ ಪಣ. ಪಣ ದುಡ್ಡಿನಲ್ಲಿ ಇಲ್ಲ, ಕಷಾಯದಲ್ಲಿ. ಊಹೆ ಬರೆಯುವಾಗ 'ಅಡ' ಹಾಕುವಂತಿಲ್ಲ, ಅದು ನಿಯಮ. ಬತ್ತು (ಬರುತ್ತದೆ) ಅಥವಾ ಬತ್ತಿಲ್ಲೆ (ಬರುವುದಿಲ್ಲ). ಬಾಯಲ್ಲಿ ಅರ್ಧ ತಾಸು ಹಾರಾಡಿದವರು ಪೆನ್ನು ಕೊಟ್ಟರೆ ಶೌಚಾಲಯಕ್ಕೆ ಎದ್ದು ಹೋಗುತ್ತಾರೆ. ನನಗೆ ಈವರೆಗೆ ಹದಿನಾಲ್ಕು ಕಷಾಯ ಬರಬೇಕು. ವಸೂಲಾಗಿದ್ದು ಆರು.

ಆ ನೋಟ್‌ಬುಕ್ಕಿನಲ್ಲಿ ನಾನು ಸೋತ ಪುಟವೂ ಒಂದಿದೆ. ಬಿಎಸ್ಸಿ ಓದುವ ಒಬ್ಬ ಹುಡುಗ ಸಿಲ್ಕ್‌ಸಾಂಗ್ ಅಂತ ಜಪ ಮಾಡುತ್ತಿದ್ದ. ಆಸ್ಟ್ರೇಲಿಯಾದ ಟೀಮ್ ಚೆರ್ರಿ ಎಂಬ ನಾಲ್ಕಾರು ಜನರ ಪುಟ್ಟ ಕಂಪನಿ 2019ರ ಫೆಬ್ರುವರಿಯಲ್ಲಿ ಹೇಳಿದ್ದ ಆಟ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ನಿಂಟೆಂಡೊ ಕಂಪನಿ ಹೊಸ ಆಟ ತೋರಿಸುವ ಕಾರ್ಯಕ್ರಮ ಇಟ್ಟಾಗಲೆಲ್ಲ ಹುಡುಗ ಕಣ್ಣು ಕೆಂಪು ಮಾಡಿಕೊಂಡು ನೋಡುತ್ತಿದ್ದ, ಬೆಳಿಗ್ಗೆ ಸಪ್ಪೆ ಮೋರೆ ಹಾಕಿಕೊಂಡು ಬರುತ್ತಿದ್ದ. '2025 ಮುಗಿಯುವುದರೊಳಗೆ ಬತ್ತು' ಅಂತ ಅವನು ಬರೆದ. ಅವನ ಕೆಳಗೆ ನಾನು 'ಬತ್ತಿಲ್ಲೆ' ಅಂತ ಬರೆದೆ. ಷೇರಿನವರಿಲ್ಲದ ಕಂಪನಿ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ, ನನ್ನ ವಿದ್ಯೆ ಅಲ್ಲಿ ನಡೆಯಲಿಲ್ಲ. ಆಗಸ್ಟ್ 21ಕ್ಕೆ ದಿನ ಹೇಳಿದರು, ಸೆಪ್ಟೆಂಬರ್ 4ಕ್ಕೆ ಆಟವೇ ಬಂತು. ಎರಡೇ ವಾರ! ಆ ಸಂಜೆ ಏಳೂವರೆಗೆ ಲೋಕದವರೆಲ್ಲ ಒಟ್ಟಿಗೇ ಮುಗಿಬಿದ್ದು, ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯೇ ಕುಸಿದು ಕೂತಿತ್ತು. ಹುಡುಗ ಕಂಪ್ಯೂಟರ್ ಮುಂದೆ ಕೂತು ಒಂದೇ ಗುಂಡಿ ಒತ್ತುತ್ತಾ ಇದ್ದ. ಮಾಣಿ ಅವನಿಗೆ ಆ ರಾತ್ರಿ ತಾಸಿನ ಲೆಕ್ಕ ಹಾಕಲಿಲ್ಲ. ಹತ್ತು ಕಷಾಯ ನನ್ನ ತಲೆ ಮೇಲೆ ಬಂತು. ಕೊಟ್ಟೆ.

ಈಗ ಬೈಗುಳ. 2024ರ ಕೊನೆಗೆ ಮಾಣಿ ಜಿಟಿಎ 6ರ ಡಿಸ್ಕಿಗೆ ಮುಂಗಡ ಅಂತ ತಲಾ ಐನೂರು ಎತ್ತಿದ. ಬೆಲೆಯನ್ನು ಕಂಪನಿಯೇ ಹೇಳಿರಲಿಲ್ಲ, ಮುಂಗಡ ಬುಕಿಂಗೂ ಶುರುವಾಗಿರಲಿಲ್ಲ. 'ನೂರು ಡಾಲರ್ ಆಗ್ತಡ, ಈಗ್ಲೇ ಕೊಟ್ರೆ ಅಗ್ಗ' ಅಂದ. ರಶೀದಿ ಇಲ್ಲ, ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರು ಅಷ್ಟೇ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಾನೂ ಕೊಟ್ಟೆ, ನಾಚಿಕೆಯಾಗಬೇಕು. ಆಟ ಒಮ್ಮೆ ಮುಂದೆ ಹೋಯಿತು, ಮತ್ತೊಮ್ಮೆ ಹೋಯಿತು. ದುಡ್ಡು ಕೇಳಿದರೆ 'ಹೊಸ ಟಿವಿ ತಗಂಡಿದ್ನಲಾ' ಅಂದ. ಅಂದರೆ ನಾವೆಲ್ಲ ಸೇರಿ ಅವನಿಗೆ ಟಿವಿ ಕೊಡಿಸಿದ್ದೆವು. ಜಗಳ ಮಾಡಿದ ಮೇಲೆ ಐದು ತಾಸಿನ ಆಟಕ್ಕೆ ವಜಾ ಹಾಕಿಕೊಂಡ. ಐದೂ ತಾಸು ಆ ಸ್ಟಿಕ್ಕು ಸರಿಯುವ ಕಂಟ್ರೋಲರಿನಲ್ಲಿ! ಯಾವ ಅಂಗಡಿಯವರೇ ಆಗಲಿ, ಕಂಪನಿ ಬೆಲೆ ಹೇಳುವ ಮೊದಲು ಮುಂಗಡ ಕೇಳಿದರೆ ಕೊಡಬೇಡಿ. ಕೊಟ್ಟರೂ ರಶೀದಿ ಇಲ್ಲದೆ ಕೊಡಬೇಡಿ.

ಬೆಲೆಯ ಬಗ್ಗೆ ನನ್ನ ಊಹೆ ಬೇಕಾ? ನಿಂಟೆಂಡೊ 2025ರಲ್ಲಿ ಮಾರಿಯೊ ಕಾರ್ಟ್ ವರ್ಲ್ಡ್ ಆಟಕ್ಕೆ 80 ಡಾಲರ್ ಇಟ್ಟಿತು, ಜನ ಬೈದರು, ಬೈದುಕೊಂಡೇ ತೆಗೆದುಕೊಂಡರು. ಟೇಕ್-ಟೂ ಅದನ್ನು ನೋಡಿರುತ್ತದೆ. 80 ಅಂತ ಬರೆದಿದ್ದೇನೆ. ಪುರೋಹಿತರ ಹುಡುಗ 100 ಅಂತ ಬರೆದಿದ್ದಾನೆ, ಅದಕ್ಕೂ ಒಂದು ನಕ್ಷತ್ರ ಹೇಳಿದ.

ಅಂಕ ಹೀಗೆ. ಆಡುವುದಕ್ಕೆ ಐದರಲ್ಲಿ ಎರಡು. ಒಂದು ಪಿಎಸ್ 5ಕ್ಕೆ, ಇನ್ನೊಂದು ಕರೆಂಟ್ ಕಳೆಯುವ ನ್ಯಾಯಕ್ಕೆ. ಮಾತಿಗೆ ಐದರಲ್ಲಿ ನಾಲ್ಕೂವರೆ. ಉಳಿದ ಅರ್ಧ ನನಗೆ ಬರಬೇಕಾದ ಎಂಟು ಕಷಾಯಕ್ಕೆ ಹಿಡಿದಿಟ್ಟುಕೊಂಡಿದ್ದೇನೆ.

ಹೋಗುವವರಿಗೆ: ಬೆಳಿಗ್ಗೆ ಹನ್ನೊಂದಕ್ಕೆ ತೆಗೆಯುತ್ತಾನೆ, ರಾತ್ರಿ ಒಂಬತ್ತೂವರೆಗೆ ಬಾಗಿಲು. ಶನಿವಾರ ಸಂಜೆ ಜಾಗ ಸಿಗುವುದಿಲ್ಲ, ಬುಧವಾರ ಬನ್ನಿ. ನೀಲಿ ಟೇಪು ಸುತ್ತಿದ ಕಂಟ್ರೋಲರ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಬಿಳಿಯದು ಕೇಳಿ. ನೋಟ್‌ಬುಕ್ ಗಲ್ಲಾಪೆಟ್ಟಿಗೆಯ ಕೆಳಗೆ ಇರುತ್ತದೆ. ನವೆಂಬರ್ 19ರ ಪುಟದಲ್ಲಿ ಇಪ್ಪತ್ತಮೂರು ಹೆಸರಿದೆ. ಇಪ್ಪತ್ತೊಂದು 'ಬತ್ತು'. 'ಬತ್ತಿಲ್ಲೆ' ಎರಡೇ, ಒಂದು ನನ್ನದು. ಇನ್ನೊಂದು ಮಾಣಿಯದು, ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ.