ಎಂಟು ಟ್ರ್ಯಾಕ್ ಅಂದರೆ ಎಂಟು ಮೈಕ್ ಅಲ್ಲ: ರೆಕಾರ್ಡರ್ ಕೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಾಡು ರೆಕಾರ್ಡ್ ಮಾಡೋಕೆ ಮಲ್ಟಿಟ್ರ್ಯಾಕ್ ರೆಕಾರ್ಡರ್ (ಒಂದೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡುವ ಮೆಷಿನ್) ತಗೋಬೇಕು ಅಂತ ಇದ್ದೀರಾ? ದುಡ್ಡು ಕೊಡುವ ಮುಂಚೆ ಐದು ನಿಮಿಷ ಇದನ್ನು ಓದಿ. ಬರೀ 14,000 ರೂಪಾಯಿ ಹೋಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ನಮ್ಮ ಅಜ್ಜಿಯ ಹನ್ನೊಂದು ಹಾಡು ಹೋದವು.

ಅಜ್ಜಿ ತಿಪಟೂರು ಕಡೆಯವರು. ಈಗ ನಮ್ಮ ಜೊತೆ ಬೆಂಗಳೂರಿನ ಹನುಮಂತನಗರದಲ್ಲಿ ಇದ್ದಾರೆ. 82 ವರ್ಷ. ಹಸೆಗೆ ಕರೆಯೋ ಹಾಡು, ಬೀಗರ ಹಾಡು, ಆರತಿ ಹಾಡು, ರಾಗಿ ಬೀಸುವಾಗ ಹೇಳುತ್ತಿದ್ದ ಪದ, ಎಲ್ಲಾ ಬಾಯಲ್ಲೇ ಇದೆ. ಯಾವುದನ್ನೂ ಬರೆದಿಟ್ಟಿಲ್ಲ. ಅಜ್ಜಿ ಒಂದು ಸೊಲ್ಲು ಹೇಳಿದರೆ ದೊಡ್ಡಮ್ಮ ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ಒಬ್ಬರ ಉಸಿರು ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಶುರು. ಜೊತೆಗೆ ಚಿಕ್ಕಪ್ಪನ ತಬಲಾ, ಅಮ್ಮನ ಹಾರ್ಮೋನಿಯಂ. ಅಂದರೆ ನಾಲ್ಕು ಮೈಕು, ಒಂದೇ ಹೊತ್ತಿಗೆ.

ಲ್ಯಾಪ್‌ಟಾಪಲ್ಲಿ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮಾಡಿ ನೋಡಿದೆ. ನಮ್ಮ ಹಳೇ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಪ್ರತಿ ಹಾಡಿನ ಹಿಂದೆಯೂ ಗುಂಯ್ ಅನ್ನುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡರೆ ನಮ್ಮ ದನಿ ನಮಗೇ ಒಂಚೂರು ತಡವಾಗಿ ಕೇಳುತ್ತಿತ್ತು. ರೆಕಾರ್ಡರ್ ಆದರೆ ಕೆಂಪು ಗುಂಡಿ ಒತ್ತಿದರೆ ಆಯ್ತು, ಅಜ್ಜಿಗೂ ಗಾಬರಿ ಇಲ್ಲ. ಈ ಲೆಕ್ಕ ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ನಾನು ತಪ್ಪಿದ್ದು ಯಾವ ರೆಕಾರ್ಡರ್ ಅನ್ನೋದರಲ್ಲಿ.

ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ತಗೊಂಡೆ. "ಎಂಟು ಟ್ರ್ಯಾಕ್ ಮೇಡಂ, ಎಂಟು ಜನ ಹಾಡಿದ್ರೂ ಹಿಡಿಯುತ್ತೆ" ಅಂದರು. ಮೇಲೆ ಎಂಟು ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಸಾಲಾಗಿ ಕಾಣುತ್ತಿದ್ದವು. ನಂಬಿದೆ. ಮನೆಗೆ ತಂದು ಹಿಂದೆ ತಿರುಗಿಸಿದರೆ ಮೈಕ್ ಚುಚ್ಚುವ ಜಾಗ ಎರಡೇ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಟ್ರ್ಯಾಕ್ ಎಷ್ಟು ಅನ್ನೋದು ಒಂದರ ಪಕ್ಕ ಒಂದು ಎಷ್ಟು ದನಿ ಜೋಡಿಸಿಡಬಹುದು ಅನ್ನೋ ಲೆಕ್ಕ. ಒಂದೇ ಸಲಕ್ಕೆ ಎಷ್ಟು ಹಿಡಿಯುತ್ತದೆ ಅನ್ನೋದು ಬೇರೆಯೇ ಲೆಕ್ಕ. ಟ್ಯಾಸ್ಕಾಮ್ ಡಿಪಿ-008ಇಎಕ್ಸ್ ಎಂಟು ಟ್ರ್ಯಾಕಿನದು, ಒಂದು ಸಲಕ್ಕೆ ಎರಡು. ಅದೇ ಕಂಪನಿಯ ಡಿಪಿ-24ಎಸ್‌ಡಿಯಲ್ಲಿ 24 ಟ್ರ್ಯಾಕ್, ಡಿಪಿ-32ಎಸ್‌ಡಿಯಲ್ಲಿ 32. ಎರಡರಲ್ಲೂ ಒಂದು ಸಲಕ್ಕೆ ಎಂಟೇ. ಝೂಮ್ ಆರ್8ನಲ್ಲಿ ಎರಡು, ಆರ್16ನಲ್ಲಿ ಎಂಟು. ಇದರಲ್ಲಿ ಯಾರ ಮೋಸವೂ ಇಲ್ಲ, ಕಂಪನಿಯ ಪುಸ್ತಕದಲ್ಲೇ ಇರುತ್ತದೆ. ಒಬ್ಬರೇ ಕೂತು ಮೊದಲು ಗಿಟಾರ್, ಆಮೇಲೆ ಹಾಡು ಅಂತ ಪದರ ಪದರವಾಗಿ ಮಾಡುವವರಿಗೆ ಎರಡು ಸಾಕು. ಎದುರುಬದುರು ಕೂತು ಹಾಡುವ ಮನೆಮಂದಿಗೆ ಸಾಲದು.

ಕಂಡೆನ್ಸರ್ ಮೈಕ್ (ಸಣ್ಣ ದನಿಯನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಇಟ್ಟುಕೊಂಡಿದ್ದರೆ ಇನ್ನೊಂದು ಮಾತು ಕೇಳಿ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಮೆಷಿನ್ ಕಳಿಸುವ ಕರೆಂಟ್) ಬೇಕು, ಎಲ್ಲ ತೂತಲ್ಲೂ ಅದು ಬರುವುದಿಲ್ಲ. ಈಗ ಹೇಳಿದ ಆರ್16ನಲ್ಲೇ ಎಂಟರ ಪೈಕಿ 5 ಮತ್ತು 6ರಲ್ಲಿ ಮಾತ್ರ ಬರುತ್ತದೆ.

ಆಗಿದ್ದು ಆಯ್ತು, ಪದರ ಪದರವಾಗೇ ಮಾಡೋಣ ಅಂತ ಹೊರಟೆ. ತಬಲಾ ಮೊದಲು ಹಿಡಿದು ಅಜ್ಜಿಗೆ ಹೆಡ್‌ಫೋನ್ ಹಾಕಿದೆ. ಅಜ್ಜಿ ಎರಡು ಸೊಲ್ಲು ಹೇಳಿ ನಿಲ್ಲಿಸಿಬಿಟ್ಟರು. "ಕಿವಿ ಮುಚ್ಕೊಂಡು ಹೆಂಗೇ ಹಾಡ್ಲಿ ಪುಟ್ಟಾ? ಅವಳ ದನಿ ಕೇಳ್ಬೇಡ್ವಾ?" ಅಂದರು. ಅವಳು ಅಂದರೆ ದೊಡ್ಡಮ್ಮ. ಅವರು ಹೇಳಿದ್ದು ನ್ಯಾಯವೇ. ಆ ಹಾಡಿನ ಲಯ ಇರುವುದು ಅವರಿಬ್ಬರ ನಡುವೆ, ತಬಲಾದಲ್ಲಿ ಅಲ್ಲ.

ಆಮೇಲೆ ಇರೋ ಎರಡು ಮೈಕನ್ನೂ ಅವರಿಬ್ಬರ ಮುಂದೆ ಇಟ್ಟೆ. ತಬಲಾ, ಹಾರ್ಮೋನಿಯಂ ಆಮೇಲೆ ಸೇರಿಸಿದರಾಯ್ತು ಅಂದುಕೊಂಡೆವು. ರಾತ್ರಿ ಹತ್ತರ ಮೇಲೆ ಕೂರುತ್ತಿದ್ದೆವು. ಹಗಲು ನೀರಿನ ಟ್ಯಾಂಕರ್, ಕುಕ್ಕರ್ ಸೀಟಿ, ತರಕಾರಿ ಗಾಡಿಯ ಮೈಕು, ಒಂದಲ್ಲ ಒಂದು. ಫ್ರಿಜ್ ಕೂಡ ಆಫ್ ಮಾಡುತ್ತಿದ್ದೆ. ಪ್ರತಿ ಹಾಡಿಗೂ ಮುಂಚೆ ಅಜ್ಜಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, ಒಂದು ಸಲ ಕೆಮ್ಮಿ, ದೊಡ್ಡಮ್ಮನ ಮೊಣಕಾಲು ಮುಟ್ಟುತ್ತಿದ್ದರು. ಆಮೇಲೆ ಶುರು. ಆ ಕೆಮ್ಮೂ ಸೇರಿ ಎಲ್ಲವೂ ಚೆನ್ನಾಗಿ ಬಿದ್ದಿತ್ತು. ಮೂರು ವಾರದಲ್ಲಿ ಹನ್ನೆರಡು ಹಾಡು ಹೇಳಿದರು.

ಅದರಲ್ಲಿ ಒಂದು ಅವತ್ತೇ ಹೋಯ್ತು. ಹಾಡಿನ ಮಧ್ಯೆ ಕರೆಂಟ್ ಹೋಯ್ತು. ನಮ್ಮ ಮೆಷಿನ್ ಸ್ಟಾಪ್ ಒತ್ತಿದ ಮೇಲೇ ಹಾಡನ್ನು ಪೂರ್ತಿ ಉಳಿಸುವಂಥದ್ದು. ಕರೆಂಟ್ ಬಂದ ಮೇಲೆ ನೋಡಿದರೆ ಆ ಟ್ರ್ಯಾಕ್ ಖಾಲಿ. ನಮ್ಮೂರಲ್ಲಿ ಬ್ಯಾಟರಿಯಲ್ಲೂ ಓಡುವ ಮೆಷಿನ್ ತಗೊಳ್ಳಿ, ಇಲ್ಲಾ ಯುಪಿಎಸ್‌ಗೆ ಹಾಕಿ. ಅಮೆರಿಕದಿಂದ ನೆಂಟರ ಕೈಲಿ ತರಿಸುವವರು ಇನ್ನೂ ಹುಷಾರಾಗಿರಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಅಡಾಪ್ಟರ್ ಮೇಲೆ 100-240 ಅಂತ ಬರೆದಿಲ್ಲದಿದ್ದರೆ ನೇರವಾಗಿ ಚುಚ್ಚಲೇಬೇಡಿ, ಸುಟ್ಟು ಹೋಗುತ್ತದೆ.

ಇನ್ನು ಹಾಡುಗಳೆಲ್ಲ ಹೋದ ರಾತ್ರಿಯ ವಿಷಯ. ಉಳಿದ ಹನ್ನೊಂದು ಹಾಡನ್ನು ಕಂಪ್ಯೂಟರಿಗೆ ಹಾಕಿಕೊಳ್ಳೋಣ ಅಂತ ಮೆಷಿನ್ನಿನಿಂದ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಹಾಕಿದ ತಕ್ಷಣ ಒಂದು ಪುಟ್ಟ ಕಿಟಕಿ ತೆರೆಯಿತು. ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ. ಹನ್ನೊಂದೂವರೆ ಆಗಿತ್ತು, ಕಣ್ಣು ಎಳೆಯುತ್ತಿತ್ತು. ಹೌದು ಅಂತ ಒತ್ತಿದೆ. ಆಮೇಲೆ ಕಾರ್ಡ್ ತೆರೆದರೆ ಒಳಗೆ ಏನೂ ಇಲ್ಲ.

ಆಗಿದ್ದು ಇಷ್ಟು. ಹಳೇ ಮಾದರಿಯ ಕೆಲವು ರೆಕಾರ್ಡರ್‌ಗಳು ಹಾಡನ್ನು ಮಾಮೂಲಿ ವೇವ್ ಫೈಲ್ (ಕಂಪ್ಯೂಟರಲ್ಲಿ ನೇರವಾಗಿ ಕೇಳಬಹುದಾದ ಆಡಿಯೋ ಫೈಲ್) ಆಗಿ ಇಡುವುದಿಲ್ಲ. ತಮ್ಮದೇ ಒಂದು ರೀತಿಯಲ್ಲಿ ಬರೆದಿಡುತ್ತವೆ. ಅದು ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ, ಕಾರ್ಡೇ ಕೆಟ್ಟಿದೆ ಅಂದುಕೊಳ್ಳುತ್ತದೆ. ಮೆಷಿನ್ನಿನಲ್ಲೇ ಒಂದೊಂದು ಟ್ರ್ಯಾಕನ್ನೂ ಎಕ್ಸ್‌ಪೋರ್ಟ್ ಮಾಡಿ, ಅಂದರೆ ವೇವ್ ಫೈಲ್ ಆಗಿ ಬದಲಿಸಿ, ಆಮೇಲೆ ಹೊರಗೆ ತೆಗೆಯಬೇಕು. ಇದನ್ನು ನನಗೆ ಅಂಗಡಿಯವರು ಹೇಳಲಿಲ್ಲ. ಪುಸ್ತಕ ಕೊಟ್ಟಿರಲಿಲ್ಲ, ನಾನೂ ಹುಡುಕಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮಾರನೇ ದಿನ ಮಾಡಿದೆ. ಕಾರ್ಡ್ ಸರಿ ಇದೆಯಾ ನೋಡೋಣ ಅಂತ ಅದನ್ನೇ ಮೆಷಿನ್ನಿಗೆ ಹಾಕಿ, ಮತ್ತೆ ಫಾರ್ಮ್ಯಾಟ್ ಮಾಡಿ, ಹತ್ತು ನಿಮಿಷ ರೆಕಾರ್ಡ್ ಮಾಡಿದೆ. ಎಸ್.ಪಿ. ರಸ್ತೆಯಲ್ಲಿ ಡೇಟಾ ತೆಗೆದುಕೊಡುವ ಒಬ್ಬರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ಅದು: "ಇದಾದ್ಮೇಲೆ ಕಾರ್ಡಿಗೆ ಏನಾದ್ರೂ ಹಾಕಿದ್ರಾ?" ಫಾರ್ಮ್ಯಾಟ್ ಆದ ತಕ್ಷಣ ಕಾರ್ಡನ್ನು ಮುಟ್ಟದೆ ಇಟ್ಟಿದ್ದರೆ ಒಳಗಿನದು ಸಿಗುವ ಆಸೆ ಇರುತ್ತದಂತೆ. ಮೇಲೆ ಬರೆದರೆ ಹಳೆಯದು ಅಳಿಸಿ ಹೋಗುತ್ತದೆ. ಎರಡು ದಿನ ನೋಡಿ ಕಾರ್ಡ್ ವಾಪಸ್ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಅಂಗಡಿಗೆ ಹೋಗುವಾಗ ನಿಮ್ಮದೇ ಮೈಕು, ವೈರು, ಹೆಡ್‌ಫೋನು, ಲ್ಯಾಪ್‌ಟಾಪು ತಗೊಂಡು ಹೋಗಿ. ನಿಮ್ಮ ಮನೆಯಲ್ಲಿ ಎಷ್ಟು ಜನ ಒಟ್ಟಿಗೆ ಹಾಡುತ್ತೀರೋ ಅಷ್ಟು ಮೈಕ್ ಹಾಕಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ. ಆ ಒಂದು ನಿಮಿಷವನ್ನು ಅಲ್ಲೇ ಹೊರಗೆ ತೆಗೆದು ನಿಮ್ಮ ಲ್ಯಾಪ್‌ಟಾಪಲ್ಲಿ ಕೇಳಿ. 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ (ಅಂದರೆ ಸಿಡಿಯ ಗುಣಮಟ್ಟದಲ್ಲಿ) ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ, ಹಾಗಾಗಿ ನಾಲ್ಕು ಟ್ರ್ಯಾಕಿಗೆ 20. ಇಷ್ಟನ್ನು ಹೊರಗೆ ತೆಗೆಯೋಕೆ ಅರ್ಧ ಗಂಟೆ ಒದ್ದಾಡಬೇಕಾದರೆ ಆ ಮೆಷಿನ್ ಬೇಡ. ಯಾವ ಕಾರ್ಡ್ ತಗೊಳ್ಳುತ್ತೆ ಅಂತಲೂ ಕೇಳಿ. ಎಷ್ಟೋ ಮೆಷಿನ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ಒಪ್ಪುವುದಿಲ್ಲ. "ಮನೆಗೆ ಹೋಗಿ ನೋಡ್ಕೊಳಿ ಮೇಡಂ" ಅಂದರೆ ಎದ್ದು ಬನ್ನಿ. ನನಗೂ ಹಾಗೇ ಅಂದಿದ್ದರು.

ಮನೆಗೆ ಬಂದ ಮೇಲೆ ಪ್ರತಿ ರಾತ್ರಿ ಹಾಡಿದ್ದನ್ನು ಪ್ರತಿ ರಾತ್ರಿಯೇ ಹೊರಗೆ ತೆಗೆದು ಎರಡು ಕಡೆ ಇಡಿ. ನಾನು ಮೂರು ವಾರ ಕಾದೆ.

ಈಗ ಚಿಕ್ಕಪ್ಪನ ಸ್ನೇಹಿತರ ಹತ್ತಿರ ಒಂದು ಸಲಕ್ಕೆ ಎಂಟು ಹಿಡಿಯುವ ಮೆಷಿನ್ ಕೇಳಿ ತಂದಿದ್ದೇವೆ. ನಾಲ್ವರೂ ಒಟ್ಟಿಗೆ ಕೂತು ಏಳು ಹಾಡು ಮತ್ತೆ ಮಾಡಿದೆವು. ಉಳಿದ ನಾಲ್ಕು ಆಗುತ್ತಿಲ್ಲ. ಹೋದ ಚಳಿಗಾಲದಲ್ಲಿ ಕೆಮ್ಮು ಹಿಡಿದ ಮೇಲೆ ಅಜ್ಜಿಗೆ ಮೇಲಿನ ಸ್ವರ ಹತ್ತುವುದಿಲ್ಲ. ರಾಗಿ ಬೀಸುವ ಪದದಲ್ಲಿ ಮೂರನೇ ಸೊಲ್ಲಿಗೆ ಬಂದಾಗ ನಿಲ್ಲಿಸಿ, ಕೈಯಲ್ಲೇ ಬೇಡ ಅನ್ನುತ್ತಾರೆ. ಆ ಪದದ ನಲವತ್ತು ಸೆಕೆಂಡು ದೊಡ್ಡಮ್ಮನ ಮೊಬೈಲಲ್ಲಿ ಇದೆ. ಸುಮ್ನೆ ಒಂದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಹಿಡಿದಿದ್ದು, ಕೊನೆಗೆ ಕುಕ್ಕರ್ ಕೂಗುತ್ತದೆ. ಅದನ್ನು ಮೂರು ಕಡೆ ಇಟ್ಟಿದ್ದೇನೆ.