ಹಳೇ ಮಾರುತಿ 800ಕ್ಕೆ ರಬ್ಬರ್ ಪೇಂಟ್: ಎರಡು ಮಳೆಗಾಲ ಕಳೆದ ಮೇಲೆ

ಪೆಟ್ರೋಲ್ ಹಾಕಿಸುವಾಗ ನಾನೀಗ ಕಾರಿನಿಂದ ಇಳಿದೇ ಇಳಿಯುತ್ತೇನೆ. ಮುಚ್ಚಳದ ಕೆಳಗೆ ಹಳೇ ಬನಿಯನ್ ಬಟ್ಟೆ ಒತ್ತಿ ಹಿಡಿದು, "ಪೈಪ್ ನಿಧಾನಕ್ಕೆ ತೆಗೀರಿ, ಹನಿ ಬೀಳಬಾರ್ದು" ಎಂದು ಬಂಕಿನ ಹುಡುಗನಿಗೆ ಹೇಳುತ್ತೇನೆ.

ಬೇಡವಾದಾಗ ಸುಲಿದು ತೆಗೆಯಬಹುದಾದ ಈ ರಬ್ಬರ್ ಲೇಪನ ಬಿಸಿಲು, ಮಳೆ, ಕಾಗೆ ಹಿಕ್ಕೆ ಎಲ್ಲವನ್ನೂ ತಡೆದುಕೊಂಡಿತು. ತಡೆಯದ್ದು ಪೆಟ್ರೋಲ್ ಒಂದೇ. ಹನಿ ಬಿದ್ದ ಜಾಗ ಉಬ್ಬುತ್ತದೆ, ಒರೆಸಲು ಹೋದರೆ ಬೆರಳಿಗೇ ಅಂಟಿ ಬರುತ್ತದೆ. ಡಬ್ಬದಲ್ಲಿ ರಬ್ಬರನ್ನು ಕರಗಿಸಿಟ್ಟಿರುವುದೇ ನಾಫ್ತಾ, ಟೊಲುಯೀನ್‌ನಂಥ ಪೆಟ್ರೋಲಿನ ದಾಯಾದಿಗಳಲ್ಲಿ. ಒಣಗಿದ ಮೇಲೂ ಪೆಟ್ರೋಲ್ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನು ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಹಾಕಬೇಕಿತ್ತು. ಮಾರಿದವರೂ ಬಾಯಿ ಬಿಡಲಿಲ್ಲ. ಈ ಸಿಟ್ಟು ನನಗೆ ತುಂಬಾ ದಿನ ಇತ್ತು.

ವರ್ಕ್‌ಶಾಪಿನಲ್ಲಿ ಇಡೀ ಗಾಡಿಗೆ ಪೇಂಟ್ ಎಂದರೆ 35,000 ರೂಪಾಯಿ ಹೇಳಿದ್ದರು. ಮಾರಿದರೂ ಅಷ್ಟು ಹುಟ್ಟದ ಗಾಡಿ. ಡಬ್ಬಗಳು, ಬಾಡಿಗೆಯ ಸ್ಪ್ರೇ ಗನ್ ಸೇರಿ ಅದರ ಮೂರನೇ ಒಂದು ಪಾಲಿನಲ್ಲಿ ಮನೆ ಅಂಗಳದಲ್ಲೇ ಕೆಲಸ ಮುಗಿಯಿತು. ಆರ್‌ಸಿಯಲ್ಲಿ ಬಿಳಿ ಎಂದಿದೆ, ಬಣ್ಣ ಬದಲಿಸಿದರೆ ಆರ್‌ಟಿಒ ಅಲೆದಾಟ. ಹಾಗಾಗಿ ಮ್ಯಾಟ್ ಬಿಳಿ. ಬಿಳಿಗೆ ಕೋಟ್ ಜಾಸ್ತಿ ಬೇಕು. ಮೊದಲನೆಯದು ಕೆಳಗಿನ ಬಣ್ಣ ಕಾಣುವಷ್ಟು ತೆಳುವಾಗಿರಲಿ, ಆಮೇಲಿನವು ದಪ್ಪ. ಅಂಚುಗಳಲ್ಲಿ ಜಿಪುಣತನ ಮಾಡಿದರೆ ಸುಲಿಯುವಾಗ ಚೂರುಚೂರಾಗುತ್ತದೆ. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಹಸಿಯಿರುವಾಗಲೇ ಎಳೆಯಬೇಕು. ವಾಸನೆಗೆ ಬಟ್ಟೆಯ ಮಾಸ್ಕ್ ಸಾಲದು, ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಆಗಬೇಕು.

ನಮ್ಮ ಪುತ್ತೂರಿನ ಕೆಮ್ಮಣ್ಣು ಮ್ಯಾಟ್ ಬಿಳಿಯ ಮೇಲೆ ಕೂತರೆ ಒಣಬಟ್ಟೆಗೆ ಬಗ್ಗುವುದಿಲ್ಲ. ಬೆಳಿಗ್ಗೆ ಚಾ ಕುಡಿಯುವ ಮೊದಲೇ ಒಂದು ಬಕೆಟ್ ನೀರು, ಚೂರು ಶಾಂಪೂ, ಮೆತ್ತನೆಯ ಸ್ಪಂಜು. ಮೊದಲು ಟಾಪು, ಆಮೇಲೆ ಬಾನೆಟ್, ಬಾಗಿಲು, ಕೊನೆಗೆ ಚಕ್ರದ ಸುತ್ತ. ಕೈ ಸವರಿದರೆ ತಗಡು ಅನ್ನಿಸುವುದೇ ಇಲ್ಲ, ಅಷ್ಟು ಮೃದು. ಈ ಕೆಲಸ ನನಗೆ ಬಹಳ ಇಷ್ಟ. ವ್ಯಾಕ್ಸ್, ಪಾಲಿಶ್ ಹಾಕಲೇಬಾರದು, ಮಚ್ಚೆ ಬೀಳುತ್ತದೆ. ಆ ಖರ್ಚೂ ಉಳಿಯಿತು.

ಸಿಟ್ಟು ಇಳಿದದ್ದು ಪೆಟ್ರೋಲ್ ಕಲೆಯಾದ ಭಾಗವನ್ನು ಬಿಡಿಸಿದ ದಿನ. ಉಗುರಿನಿಂದ ಅಂಚು ಎಬ್ಬಿಸಿ ನಿಧಾನವಾಗಿ ಎಳೆದೆ. ಕಲೆಯ ಸುತ್ತ ಬಿಟ್ಟರೆ ಉಳಿದದ್ದೆಲ್ಲ ಒಂದೇ ಹಾಳೆಯಾಗಿ ಬಂತು. ಕೆಳಗೆ ಕಂಪನಿ ಪೇಂಟ್ ಇದ್ದ ಹಾಗೇ ಇತ್ತು. ಮಧ್ಯಾಹ್ನದೊಳಗೆ ಅಷ್ಟಕ್ಕೇ ಮತ್ತೆ ಹೊಡೆದೆ, ಜೋಡಣೆ ಕಾಣುವುದಿಲ್ಲ. ಬೇರೆ ಯಾವ ಪೇಂಟಿನಲ್ಲಿ ಇಷ್ಟು ಸುಲಭ? ಆದರೆ ಹಿಂದೊಮ್ಮೆ ಗ್ಯಾರೇಜಿನಲ್ಲಿ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ದ ಬಾಗಿಲಿನಲ್ಲಿ ರಬ್ಬರಿನ ಜೊತೆ ಆ ಬಣ್ಣವೂ ಎದ್ದು ಬಂತು. ಟಿಂಕರಿಂಗ್ ಆದ ಗಾಡಿಯವರು ಇದನ್ನು ಗಮನಿಸಿ.

ದಿನವೂ ದೂರ ಓಡಿಸಿ ಪದೇ ಪದೇ ಬಂಕಿಗೆ ಹೋಗುವವರಿಗೆ ಇದು ಬೇಡ. ಪೇಟೆ, ತೋಟ, ನೆಂಟರ ಮನೆ ಎಂದು ಓಡಾಡುವ ಗಾಡಿ, ಕಂಪನಿ ಪೇಂಟ್ ಗಟ್ಟಿಯಿದ್ದರೆ, ಧಾರಾಳವಾಗಿ ಹೊಡೆಯಿರಿ. ಪೆಟ್ರೋಲ್ ಮುಚ್ಚಳದ ಸುತ್ತಲಿಗೆಂದೇ ಒಂದು ಡಬ್ಬ ಹೆಚ್ಚಿಗೆ ತಂದಿಡಿ.